ಖಾರವಾಡಿಯ ಕೆಂಪು ಗೂಟಗಳು

ಮಾರ್ಚ್ 4, 2026, ಬುಧವಾರ

ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ. ಹಳೆಯ ಫೀಲ್ಡ್ ಬುಕ್ಕಿನ ಹಿಂದೆ ನಲವತ್ತು ಹಾಳೆ ಖಾಲಿ ಇದ್ದವು. ಪುಣೆಯಲ್ಲಿ ಕೋಥರೂಡದ ಆಫೀಸಿನಿಂದ ನಿಗಡಿಯ ಮನೆಗೆ ಬಸ್ಸಿನಲ್ಲಿ ಒಂದೂವರೆ ತಾಸು. ಕಿಟಕಿಯ ಸೀಟು ಸಿಕ್ಕಿದೆ, ಬರೆಯುತ್ತಿದ್ದೇನೆ. ಅಕ್ಷರ ಡೊಂಕಾಗಿರುವುದು ಬಸ್ಸಿನ ಕುಲುಕಾಟದಿಂದ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಖಾರವಾಡಿಯ ಚಾಂಗುಣಾಬಾಯಿ ಮೊಬೈಲಿಗೆ ಒಂದು ಫೋಟೊ ಕಳಿಸಿದರು. ಕೊಂಕಣದ ಆ ಮೀನುಗಾರರ ಕೇರಿಯಲ್ಲಿ ನಡೆಯುವುದು ಆಕೆಯ ಮಾತೇ. ಫೋಟೊದಲ್ಲಿ ನಾನು ಜನವರಿಯಲ್ಲಿ ನೆಟ್ಟುಬಂದ ಆರು ಕೆಂಪು ಗೂಟಗಳು. ಆರೂ ಸಮುದ್ರದೊಳಗೆ ನಿಂತಿವೆ. ತಲೆಯಷ್ಟೇ ಕಾಣುತ್ತಿದೆ. ಅವುಗಳ ಹಿಂದೆ, ಮನೆಗಳ ಕಡೆಗೆ, ಇನ್ನೂ ಎಷ್ಟೋ ದೂರ ನೀರು.

ಫೋಟೊದ ಕೆಳಗೆ ಆಕೆಯ ಧ್ವನಿ. ಆಡುವುದು ಮರಾಠಿ, ನಾನು ಬರೆಯುವಾಗ ಅದು ನಮ್ಮ ಮನೆಯ ಕನ್ನಡವಾಗಿಬಿಡುತ್ತದೆ, ಅಣ್ಣ ಎನ್ನುವ 'ಭಾವೂ' ಒಂದನ್ನು ಬಿಟ್ಟು.

"ಭಾವೂ, ನಿನ್ನೆ ಹೋಳಿ ಹುಣ್ಣಿಮಿ ನೀರು ಇದು. ಎರಡನೇ ಸಾಲಿನ ಗೂಟ ಯಾವಾಗ ನೆಡ್ತೀರಿ? ಮೊದಲನೇ ಸಾಲು ಸಣ್ಣ ನೀರಿಗೆ, ಎರಡನೇದು ಉಧಾಣದ ನೀರಿಗೆ ಅಂತ ನಾವೆಲ್ಲ ತಿಳಕೊಂಡಿದ್ವಿ. ಯಾರೂ ಬರಲೇ ಇಲ್ಲಲ್ಲ?"

ಅಮಾವಾಸ್ಯೆ, ಹುಣ್ಣಿಮೆಗೆ ಏರುವ ದೊಡ್ಡ ಉಬ್ಬರಕ್ಕೆ ಅವರು ಉಧಾಣ ಎನ್ನುತ್ತಾರೆ. ಎರಡನೇ ಸಾಲು ಎಂಬುದೇ ಇಲ್ಲ. ಇರುವುದು ಒಂದೇ ಸಾಲು. ಅದನ್ನೇ ನಕ್ಷೆ ಮಾಡಿ, ಕರಾವಳಿಯ ಕೇರಿಗಳ ಪರ ಕೇಸು ನಡೆಸುವ ನಮ್ಮ ಟ್ರಸ್ಟ್ ಹಸಿರು ನ್ಯಾಯಮಂಡಳಿಗೆ ಕೊಟ್ಟಾಗಿದೆ. ನಕ್ಷೆ ಸರಿಯಾಗಿದೆ ಎಂದು ಪ್ರಮಾಣ ಮಾಡಿದ ಅಫಿಡವಿಟ್ಟಿನ ಕೆಳಗೆ ಸಹಿ ನನ್ನದು. ಶಿವರಾಜ ಕಾಡಪ್ಪ, ಸರ್ವೇಯರ್.

ಡಬ್ಬಿಯನ್ನು ಉಣ್ಣದೆ ಹಾಗೇ ಮುಚ್ಚಿ ತಂದಿದ್ದೇನೆ. ಹೆಂಡತಿ ಸಪ್ನಾ ಕೇಳುತ್ತಾಳೆ. ಅಸಿಡಿಟಿ ಅನ್ನುವುದು.

ಮಾರ್ಚ್ 5, ಗುರುವಾರ

ನೆಟ್ಟಗೆ ಬರೆದುಬಿಡುತ್ತೇನೆ, ಎಷ್ಟು ಕೆಟ್ಟಿದೆ ಎಂದು ನನಗೇ ಗೊತ್ತಾಗಲಿ.

ಕಾನೂನು ಹೇಳುವುದು ಇಷ್ಟೇ: ದೊಡ್ಡ ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೋ ಅಲ್ಲಿ ಗೆರೆ. ಖಾರವಾಡಿಯಂಥ ಊರಲ್ಲಿ ಆ ಗೆರೆಯಿಂದ ಭೂಮಿಯ ಕಡೆಗೆ ಇನ್ನೂರು ಮೀಟರ್ ಯಾರೂ ಹೊಸದಾಗಿ ಕಟ್ಟುವಂತಿಲ್ಲ. ಆ ಇನ್ನೂರು ಮೀಟರಿನ ಕೊನೆಯಲ್ಲಿ ಒಂದು ಬಯಲು ಇದೆ. ಮಳೆಗಾಲ ಬಂತೆಂದರೆ ಕೇರಿಯ ಮೂವತ್ತೊಂದು ದೋಣಿಗಳನ್ನೂ ಎಳೆದು ತಂದು ಇಡುವುದು ಅಲ್ಲಿ. ಒಂದು ಕಂಪನಿ ಅದೇ ಬಯಲಿನಲ್ಲಿ ರೆಸಾರ್ಟ್ ಕಟ್ಟಲು ಹೊರಟಿದೆ. ಗೆರೆ ಸಮುದ್ರದ ಕಡೆಗೆ ಸರಿದಷ್ಟೂ ಬಯಲು ನಿಯಮದಿಂದ ಹೊರಗೆ ಬೀಳುತ್ತದೆ. ಫೋಟೊ ನೋಡಿದರೆ ನಾನು ಎಳೆದ ಗೆರೆ ಸುಮಾರು ಅರವತ್ತು ಮೀಟರ್ ಸರಿದಿದೆ. ಊರನ್ನು ಉಳಿಸಲು ಹೋದವನೇ ಬಯಲನ್ನು ತಟ್ಟೆಯಲ್ಲಿಟ್ಟು ಕೊಟ್ಟುಬಂದಿದ್ದೇನೆ.

ಸಿಂಧೂರ ಮೇಡಂ ನಮ್ಮ ಟ್ರಸ್ಟಿನ ಮುಖ್ಯಸ್ಥೆ, ವಕೀಲೆ, ಮೈಸೂರಿನವರು. ಸರ್ವೆಗೆ ಜನವರಿ 18 ಎಂದು ಅವರೇ ಗೊತ್ತುಮಾಡಿದ್ದರು. ಅವತ್ತು ಅವರಾತ್ರಿ ಅಮಾವಾಸ್ಯೆ. ಅಪ್ಪ ಜಮಖಂಡಿಯಲ್ಲಿ ಮೂವತ್ತೊಂದು ವರ್ಷ ಭೂಮಿ ಅಳೆಯುವ ಸರಪಳಿ ಹಿಡಿದವನು. ಅಮಾವಾಸ್ಯೆಗೆ ಸರಪಳಿಯನ್ನು ತೊಳೆದು, ವಿಭೂತಿ ಹಚ್ಚಿ, ಗೂಟಕ್ಕೆ ನೇತುಹಾಕುತ್ತಿದ್ದ. ಸಾಹೇಬರೇ ಬಂದು ಕರೆದರೂ ಮುಟ್ಟುತ್ತಿರಲಿಲ್ಲ. ನಾನೂ ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ ಒಂದು ಅಮಾವಾಸ್ಯೆಗೂ ಯಂತ್ರದ ಪೆಟ್ಟಿಗೆ ತೆರೆದವನಲ್ಲ. ರಸ್ತೆ ಅಳೆಯುವ ಕಂಪನಿಯಲ್ಲಿ ಅದರಿಂದ ಯಾವ ನಷ್ಟವೂ ಆಗಲಿಲ್ಲ. ಇವತ್ತು ಅಳೆದರೂ ನಾಳೆ ಅಳೆದರೂ ನೆಲ ಇದ್ದಲ್ಲೇ ಇರುತ್ತದೆ. ಟ್ರಸ್ಟಿಗೆ ಬಂದು ಎರಡು ವರ್ಷ ಬೇರೆಯವರ ಅಳತೆಯಿಂದ ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದೆ. ದಂಡೆಯಲ್ಲಿ ನಿಂತು ನಾನೇ ಅಳೆದದ್ದು ಇದೇ ಮೊದಲು. ಉಬ್ಬರ ದಿನಾ ಎರಡು ಸಲ ಬರುತ್ತದೆ, ಯಾವ ದಿನವಾದರೇನು ಅಂದುಕೊಂಡೆ. ಮೇಡಂ ಕರಾವಳಿ ನಿಯಮದ ತಿದ್ದುಪಡಿಗೆ ಆಕ್ಷೇಪ ಹೇಳಲು ದಿಲ್ಲಿಗೆ ಹೋಗಿದ್ದರು. 27ಕ್ಕೆ ಹೋಗಿ ಅಳೆದೆ. ಅಷ್ಟಮಿ ಕಳೆದ ದಿನ. ತಿಂಗಳಲ್ಲೇ ಅತಿ ಸಣ್ಣ ನೀರು ಅದು ಎಂದು ಈಗ ಓದಿ ತಿಳಿದಿದ್ದೇನೆ.

ಇನ್ನೂ ಕೆಟ್ಟದ್ದು ಬೇರೆ. ಅಫಿಡವಿಟ್ಟಿನಲ್ಲಿ ಮೇಡಂ ಮೊದಲೇ 18 ಎಂದು ಟೈಪ್ ಮಾಡಿಸಿಟ್ಟಿದ್ದರು. ತಿದ್ದಿದರೆ ಯಾಕೆ ಎಂದು ಕೇಳುತ್ತಾರೆ. ಎಂಟೆಂಟು ಡಿಗ್ರಿ ಇರುವ ಹುಡುಗಿಯ ಮುಂದೆ ಅಮಾವಾಸ್ಯೆ, ಸರಪಳಿ, ವಿಭೂತಿ ಎಂದು ಹೇಳುವುದು ಹೇಗೆ? ನಾಚಿಕೆಯಾಯಿತು. ಹಾಗೇ ಸಹಿ ಮಾಡಿದೆ.

ಪ್ರಮಾಣ ಮಾಡಿ ಸುಳ್ಳು ಬರೆದರೆ ಜೈಲು. ಎಷ್ಟು ವರ್ಷ ಎಂದು ಮೊಬೈಲಿನಲ್ಲಿ ಹುಡುಕಲು ಹೋಗಿ, ಅಕ್ಷರ ಒತ್ತಿ, ಅಳಿಸಿದೆ.

ಮಾರ್ಚ್ 9, ಸೋಮವಾರ

ಮೂರು ದಿನ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಎಂಬ ಭಯ.

ಇವತ್ತು ಶ್ರೀನಾಥ್ ಅವರು ಬಂದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ದುಡ್ಡಿನಲ್ಲಿ ನಡೆಯುವ ಒಂದು ದಾನಸಂಸ್ಥೆಯ ಪರವಾಗಿ ನಮ್ಮ ಟ್ರಸ್ಟನ್ನು ನೋಡಿಕೊಳ್ಳುವವರು ಅವರು. ಮಂಡ್ಯದ ಕಡೆಯವರು, ಒಳ್ಳೆಯವರು, ಅದೇ ಕಷ್ಟ. ನನ್ನ ನಕ್ಷೆಯನ್ನು ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದರು.

"ಸರ್, ಇದೇ ನಮ್ಮ ಮಾಡೆಲ್. ಜನ ತಾವೇ ಮಾಡ್ಕೊಂಡ ಮ್ಯಾಪು. ಖಾರವಾಡಿ ಗೆದ್ರೆ ಇನ್ನೂ ಮೂರು ಊರಿಗೆ ಫಂಡಿಂಗ್ ಪಕ್ಕಾ. ಬೋರ್ಡ್ ಮೀಟಿಂಗಲ್ಲಿ ನಿಮ್ ಹೆಸರು ಹೇಳ್ತೀನಿ," ಎಂದು ನನ್ನ ಕೈ ಹಿಡಿದು ಕುಲುಕಿದರು. ನನ್ನ ಅಂಗೈ ಒದ್ದೆಯಾಗಿತ್ತು. ಅವರು ಪ್ಯಾಂಟಿಗೆ ಒರೆಸಿಕೊಂಡದ್ದನ್ನು ನೋಡಿದೆ.

ಸಿಂಧೂರ ಮೇಡಂ ನಗುತ್ತಿದ್ದರು. ಅವರು ನಗುವುದು ಅಪರೂಪ. ಎರಡು ವರ್ಷದಿಂದ ನಮ್ಮ ಮೂವರ ಸಂಬಳ ಒಟ್ಟು ಮಾಡುವುದಕ್ಕೇ ಅವರ ಅರ್ಧ ಜೀವ ಹೋಗಿದೆ. ನಕ್ಷೆಯನ್ನು ನನ್ನ ಮೇಜಿನ ಎದುರು ಗೋಡೆಗೇ ಮೊಳೆ ಹೊಡೆದು ಹಾಕಿದರು. ತಲೆ ಎತ್ತಿದರೆ ಆರು ಕೆಂಪು ಚುಕ್ಕೆ. ಇವತ್ತಿಡೀ ತಲೆ ಬಗ್ಗಿಸಿಕೊಂಡೇ ಕೆಲಸ ಮಾಡಿದೆ. ಕುತ್ತಿಗೆ ಹಿಡಿದುಕೊಂಡಿದೆ.

ಮಾರ್ಚ್ 11, ಬುಧವಾರ, ಅಷ್ಟಮಿ

ಕಂಪನಿಯ ಉತ್ತರ ಬಂತು. ಮೇಡಂ ಎರಡು ಸಲ ಓದಿ ನನ್ನನ್ನು ಕರೆದರು.

"ಸರ್, ವಿಚಿತ್ರ ನೋಡಿ. ನಮ್ಮ ಮ್ಯಾಪ್‌ನ ಅವ್ರು ಪೂರ್ತಿ ಒಪ್ಕೊಂಡಿದಾರೆ. ಒಂದು ಅಬ್ಜೆಕ್ಷನ್ನೂ ಇಲ್ಲ. ಇದೇ ಗೆರೆ ಫೈನಲ್ ಮಾಡಿ ಕೇಸ್ ಮುಗಿಸಿ ಅಂತ ಕೇಳಿದಾರೆ. 25ಕ್ಕೆ ಹಿಯರಿಂಗ್. ಯಾಕೆ ಒಪ್ಕೊಂಡ್ರು?"

ಯಾಕೆ ಎಂದು ಗೊತ್ತಿರುವವನು ಆ ಕೋಣೆಯಲ್ಲಿ ಒಬ್ಬನೇ ಇದ್ದ. "ಗೊತ್ತಿಲ್ರಿ ಮೇಡಂ," ಅಂದೆ. ಮೇಡಂ ಕಾಗದವನ್ನು ಮತ್ತೆ ತಿರುವಿದರು. "ನಾನು ಈಗ ಲೆಕ್ಕ ಹಾಕಿದ್ರೆ ಬಯಲಿನ ಮುಕ್ಕಾಲು ಭಾಗ ಹೊರಗೆ ಹೋಗ್ತಿದೆ. ನಾನು ಅಲ್ಲಿ ನಿಂತು ನೋಡಿದಾಗ ಹಾಗನಿಸಿರಲಿಲ್ಲ. ಆದ್ರೆ ಅಳತೆ ಅಳತೇನೇ ಅಲ್ವಾ? ನೀವು ಅಳೆದಿದ್ದೀರಿ," ಅಂದರು.

ಮೇಜಿಗೆ ಬಂದು ಕುಳಿತೆ. ಆಗ ಹೊಳೆಯಿತು: ನಾನು ಬಚಾವಾದೆ. ಎದುರಿನವರು ಒಪ್ಪಿದ ಮೇಲೆ ನನ್ನ ತಾರೀಖನ್ನು ಕೆದಕುವವರು ಯಾರು? 25ಕ್ಕೆ ಕೇಸ್ ಮುಗಿಯುತ್ತದೆ, ಅಫಿಡವಿಟ್ ಕಪಾಟು ಸೇರುತ್ತದೆ. ಜೈಲಿಲ್ಲ, ನೋಟಿಸಿಲ್ಲ, ನಾಲ್ಕು ಜನರೆದುರು ತಲೆತಗ್ಗಿಸುವುದಿಲ್ಲ. ಬಾಯಿ ಮುಚ್ಚಿಕೊಂಡಿರುವುದೊಂದೇ ಕೆಲಸ, ಅದು ನನಗೆ ಚೆನ್ನಾಗಿ ಬರುತ್ತದೆ.

ಸಮಾಧಾನ ಆಗಬೇಕಿತ್ತು. ಬಸ್ ಸ್ಟಾಪಿನಲ್ಲಿ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟೆ. ಯಾರೋ ಹುಡುಗಿ "ಕಾಕಾ, ಪಾಣಿ ಹವಂ ಕಾ?" ಎಂದು ಬಾಟಲಿ ಕೊಟ್ಟಳು.

ಮಾರ್ಚ್ 12, ಗುರುವಾರ

ಏನೂ ಇಲ್ಲ. ಹೆದರಿಕೆ.

ಮಾರ್ಚ್ 14, ಶನಿವಾರ, ದಶಮಿ

ಸಪ್ನಾಗೆ ಹೇಳಿದೆ. ಹೇಳಬೇಕೆಂದು ಹೇಳಲಿಲ್ಲ. ಗಿರಣಿಗೆ ಜೋಳ ಒಯ್ಯುತ್ತಿದ್ದೆವು, ಚೀಲ ನನ್ನ ಹೆಗಲ ಮೇಲಿತ್ತು. "ಹತ್ತು ದಿವಸ ಆತು, ನೀವು ನೆಟ್ಟಗ ಉಂಡಿಲ್ಲ. ಡಾಕ್ಟರ್ ಕಡೆ ಹೋಗೂಣು ನಡೀರಿ," ಅಂದಳು. ಚೀಲ ಇಳಿಸಿ, ಗಿರಣಿಯ ಗದ್ದಲದಲ್ಲಿ, ಅವಳ ಕಿವಿಯ ಹತ್ತಿರ ಎಲ್ಲವನ್ನೂ ಕೂಗಿ ಹೇಳಿದೆ. ಗಿರಣಿಯವನಿಗೆ ಕನ್ನಡ ಬಾರದಿದ್ದದ್ದು ಪುಣ್ಯ.

ಅವಳು ಪುಣೆಯಲ್ಲೇ ಹುಟ್ಟಿ ಬೆಳೆದವಳು, ಅಂಗಡಿಯವರ ಮನೆಯ ಮಗಳು. ತಕ್ಷಣ ಏನನ್ನೂ ಹೇಳುವವಳಲ್ಲ. ಹಿಟ್ಟು ಆದ ಮೇಲೆ ಕೇಳಿದಳು.

"ನೀವು ಸುಮ್ಮ ಇದ್ರ ಯಾರಿಗೂ ಗೊತ್ತಾಗೂದಿಲ್ಲ?"

"ಇಲ್ಲ."

"ಆ ಬಾಯಾರ ದೋಣಿ ಎಲ್ಲಿ ಇಡ್ತಾರ ಆಮ್ಯಾಲ?"

ಈ ಹತ್ತು ದಿನ ನಾನು ಯೋಚಿಸಿದ್ದೆಲ್ಲ ನನ್ನ ಬಗ್ಗೆಯೇ. ದೋಣಿ ಎಲ್ಲಿ ಇಡುತ್ತಾರೆ ಎಂದು ಒಮ್ಮೆಯೂ ನನಗೆ ನಾನೇ ಕೇಳಿಕೊಂಡಿರಲಿಲ್ಲ. ಮಳೆಗಾಲದ ಸಮುದ್ರದ ಬಾಯಿಗೆ ಮೂವತ್ತೊಂದು ದೋಣಿ ಬಿಟ್ಟರೆ ಒಂದೇ ವರ್ಷದಲ್ಲಿ ಕಟ್ಟಿಗೆಯಾಗುತ್ತವೆ. ದೋಣಿ ಹೋದರೆ ಕೇರಿ ಹೋದಂತೆ. ಇದು ಹೊಸ ಭಯ, ಹಳೆಯದರ ಮೇಲೆ ಬಂದು ಕೂತಿದೆ.

"ಈಗ ನನಗೂ ಗೊತ್ತಾತಲ್ರಿ," ಅಂದಳು ಸಪ್ನಾ, ಬಿಸಿ ಹಿಟ್ಟಿನ ಚೀಲದ ಬಾಯಿ ಕಟ್ಟುತ್ತ. "ನನ್ನ ಮುಂದ ಹೇಳಿ ಹಗುರಾಗಬ್ಯಾಡ್ರಿ. ಹೇಳಬೇಕಾದವ್ರಿಗೆ ಹೇಳ್ರಿ."

ಸಿಟ್ಟು ಬಂತು ಅವಳ ಮೇಲೆ. ಚೀಲ ಹೊತ್ತು ಅವಳಿಗಿಂತ ಮುಂದೆ ನಡೆದುಬಿಟ್ಟೆ.

ಮಾರ್ಚ್ 17, ಮಂಗಳವಾರ, ಚತುರ್ದಶಿ

ಬರಿಗೈಯಲ್ಲಿ ಹೋಗಿ ಮೇಡಂಗೆ ಹೇಳುವ ಧೈರ್ಯ ಇಲ್ಲ. ಸರಿಯಾದ ಅಳತೆ ಕೈಯಲ್ಲಿ ಇಟ್ಟುಕೊಂಡು ಹೇಳುತ್ತೇನೆ. ನಾಳೆ ಅಮಾವಾಸ್ಯೆ, ನಾಡಿದ್ದು ಯುಗಾದಿ. ಹಬ್ಬಕ್ಕೆ ರಜೆ ಎಂದು ಹೇಳಿ, ಆಫೀಸಿನ ಜಿಪಿಎಸ್ ಯಂತ್ರವನ್ನು ಯಾರಿಗೂ ಕೇಳದೆ ಮನೆಗೆ ತಂದಿದ್ದೇನೆ. ಒಂದು ಸುಳ್ಳು ತೊಳೆಯಲು ಇನ್ನೆರಡು.

ಅವ್ವ ಪೆಟ್ಟಿಗೆ ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿದ್ದರೂ ಕಾಣಬೇಕಾದದ್ದು ಕಾಣುತ್ತದೆ.

"ನಾಳೆ ಅಮಾಸಿ ಐತಿ. ಯುಗಾದಿ ಅಮಾಸಿ. ಅದನ್ನ ತಗೊಂಡು ಎಲ್ಲಿಗ್ಹೊಂಟಿ ಶಿವ್ಯಾ?"

"ಅಳಿಯೂದೈತಿ ಯವ್ವಾ."

"ನಿಮ್ಮಪ್ಪ ಸಾಯೂತನಕ ಮುಟ್ಟಲಿಲ್ಲ."

"ಗೊತ್ತೈತಿ."

"ಗೊತ್ತಿದ್ದು ಹೊಂಟೀಯಲ್ಲ." ಗೋಡೆಯ ಕಡೆಗೆ ಹೊರಳಿದವಳು ಮತ್ತೆ ಮಾತಾಡಲಿಲ್ಲ. ಊಟಕ್ಕೂ ಏಳಲಿಲ್ಲ. ನನಗೂ ಒಳಗೊಳಗೇ ಹೆದರಿಕೆ ಇದ್ದೇ ಇದೆ. ಅಪ್ಪ ಎಲ್ಲಿದ್ದರೂ ನೋಡುತ್ತಿರುತ್ತಾನೆ ಎಂಬ ಹೆದರಿಕೆ. ನಲವತ್ತಾರು ವರ್ಷದ ಗಂಡಸು ಹೀಗೆ ಬರೆಯಬಾರದು, ಆದರೆ ಇದನ್ನು ಯಾರು ಓದುತ್ತಾರೆ?

ಮಾರ್ಚ್ 20, ಶುಕ್ರವಾರ, ಬಿದಿಗೆ

ಎಸ್‌ಟಿ ಬಸ್ಸಿನಲ್ಲಿ, ತಾಮ್ಹಿಣಿ ಘಾಟದ ತಿರುವುಗಳಲ್ಲಿ. ಮೈಯೆಲ್ಲ ಉಪ್ಪು.

ಮೂರು ಮಧ್ಯಾಹ್ನ ಅಳೆದೆ. ಮೊದಲ ದಿನ ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಕಣ್ಣು ಮುಚ್ಚಿಕೊಂಡೆ. ಚಾಂಗುಣಾಬಾಯಿ ಪಕ್ಕದಲ್ಲೇ ನಿಂತಿದ್ದರು, ಏನಾಯಿತು ಎಂದರು. ಹೇಳಿದೆ. ಎಲ್ಲವನ್ನೂ ಹೇಳಿದೆ: ಅಪ್ಪನ ಸರಪಳಿ, 27ನೇ ತಾರೀಖು, ಸುಳ್ಳು ಸಹಿ. ಆಕೆ ಬೈಯುತ್ತಾರೆ, ಕೇರಿಯವರನ್ನು ಕರೆಯುತ್ತಾರೆ ಎಂದು ಕಾದೆ. ಆಕೆ ಮೊದಲು ನಕ್ಕರು.

"ನಮಗ ಅಮಾಸಿ ಅಂದ್ರ ಬಲೆ ಹಾಕೋ ದಿನ. ನೀರು ಓಡತದ, ಮೀನ ಬರ್ತದ. ಅಷ್ಟಮಿಗೆ ನಮಗ ಸೂಟಿ. ನೀವು ನಮ್ಮ ಸೂಟಿ ದಿನ ಬಂದು ಸಮುದ್ರ ಅಳದು ಹೋದ್ರಿ."

ಆಮೇಲೆ ನಗು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು, "ಬಯಲು ಹೋತೇನು?" ಎಂದು ಕೇಳಿದರು. ಅಷ್ಟು ಮೆಲ್ಲಗೆ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅದೇ ಬಯಲಿನಲ್ಲಿ ಎರಡು ವರ್ಷದ ಹಿಂದೆ ಆಕೆಯ ಮಗಳ ಮದುವೆ ಆಗಿತ್ತಂತೆ, ದೋಣಿಗಳ ನಡುವೆ ಚಪ್ಪರ ಹಾಕಿ. ಇನ್ನೂ ಹೋಗಿಲ್ಲ ಅಂದೆ. ಹೋಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಇವತ್ತಿನದೇ ಎಲ್ಲಕ್ಕಿಂತ ದೊಡ್ಡ ನೀರು. ಒಂದು ಗಂಟೆಯ ಹೊತ್ತಿಗೆ ನನ್ನ ಗೂಟಗಳು ಪೂರ್ತಿ ಮುಳುಗಿದವು. ನೀರು ಸದ್ದಿಲ್ಲದೆ, ಅವಸರವಿಲ್ಲದೆ ಬಂದು, ಒಣಮೀನಿನ ಅಟ್ಟಗಳ ಕೆಳಗೆ ನುಗ್ಗಿ, ಚಾಂಗುಣಾಬಾಯಿಯ ಅಂಗಳದ ತುಳಸಿಕಟ್ಟೆಗೆ ಮುಟ್ಟಿತು. ಅಂಗಳದಲ್ಲಿ ನಿನ್ನೆ ಅವರ ಯುಗಾದಿಗೆ, ಅಂದರೆ ಗುಡಿಪಾಡವಾ ಹಬ್ಬಕ್ಕೆ, ಹಾಕಿದ ರಂಗೋಲಿ ಇತ್ತು, ಕರಗಿತು. ಅಳೆದೆ. ನನ್ನ ಹಳೆಯ ಗೆರೆಯಿಂದ ಅರವತ್ತೊಂದು ಮೀಟರ್. ನೀರನ್ನು ನೋಡಿ ಇಷ್ಟು ಹೆದರಿದ್ದು ಇದೇ ಮೊದಲು. ಇದು ನಾನು ಬರೆದುಕೊಟ್ಟ ಜಾಗದಲ್ಲಿ ನಿಲ್ಲುವಂಥದ್ದಲ್ಲ.

ನಾಳೆ ಮೇಡಂ.

ಮಾರ್ಚ್ 21, ಶನಿವಾರ, ತದಿಗೆ

ಹೇಳಿದೆ.

ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮಾವಾಸ್ಯೆ ಅಂತ ಹೇಳಿದ್ರೆ ನಾನೇನು ನಿಮ್ಮನ್ನ ತಿಂದ್ಬಿಡ್ತಿದ್ನಾ ಸರ್? ಒಂದು ಮಾತು. ಹುಣ್ಣಿಮೆಗೆ ಹೋಗಿ ಅಂತಿದ್ದೆ," ಅಂದರು. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು. ಹುಣ್ಣಿಮೆಗೆ! ಹುಣ್ಣಿಮೆಗೆ ನಮ್ಮ ಮನೆಯಲ್ಲಿ ಯಾವ ತಕರಾರೂ ಇಲ್ಲ.

ಸೋಮವಾರದವರೆಗೆ ಯೋಚಿಸುತ್ತೇನೆ, ಯಾರಿಗೂ ಬಾಯಿ ಬಿಡಬೇಡಿ ಅಂದರು. ಬಾಗಿಲು ಹಾಕಿಕೊಂಡು ಬರುವಾಗ ನೋಡಿದೆ, ಗೋಡೆಯ ಮೇಲಿನ ನಕ್ಷೆಯ ಮುಂದೆ ನಿಂತಿದ್ದರು.

ಮಾರ್ಚ್ 23, ಸೋಮವಾರ, ಪಂಚಮಿ

ಮೇಡಂ ಎರಡು ದಿನ ನಿದ್ದೆ ಮಾಡಿದಂತೆ ಕಾಣಲಿಲ್ಲ. ಮಾತು ಸುತ್ತಿ ಬಳಸಿ ಬಂತು.

"ಈಗ ಒಪ್ಕೊಂಡ್ರೆ ಏನಾಗತ್ತೆ ಅಂತ ಯೋಚನೆ ಮಾಡಿ. ನಾವು ಕೊಟ್ಟ ಬೇರೆ ಎಲ್ಲಾ ಮ್ಯಾಪೂ ಸುಳ್ಳು ಅಂತಾರೆ. ಶ್ರೀನಾಥ್ ಅವರ ಬೋರ್ಡು ಕೈ ಬಿಡತ್ತೆ. ಮೂರು ಊರು ಹೋಗತ್ತೆ ಸರ್. ಖಾರವಾಡಿ ಒಂದು, ಆ ಕಡೆ ಮೂರು. ಬಯಲಿನ ಕಾಲು ಭಾಗ ಆದ್ರೂ ಉಳಿಯತ್ತಲ್ಲ. ನಾನು... ನಾನು ಹಾಗೆ ಮಾಡೋಣ ಅಂತ ಹೇಳ್ತಿಲ್ಲ."

ಹೇಳುತ್ತಿದ್ದರು. ಅವರಿಗೂ ನನ್ನಷ್ಟೇ ಹೆದರಿಕೆ. ಕಾಯಿದೆ ಬಾಯಿಪಾಠ ಮಾಡಿಕೊಂಡವರಿಗೂ ಹೆದರಿಕೆ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎರಡು ವಾರದ ಹಿಂದೆ ಅವರು ಈ ಮಾತು ಆಡಿದ್ದರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ.

"ಕಾಲು ಭಾಗದಾಗ ಎಂಟು ದೋಣಿ ಹಿಡಿತಾವ್ರಿ ಮೇಡಂ," ಅಂದೆ. "ಉಳದ ಇಪ್ಪತ್ಮೂರು ಯಾರವು ಅಂತ ಯಾರು ಆರಸಬೇಕ್ರಿ? ನಾ ಆರಸೂದಿಲ್ಲ."

ಟೀ ಕುಡಿದ ಲೋಟ ಕೈಯಿಂದ ಜಾರಿ ಒಡೆಯಿತು. ಚೂರು ಆರಿಸುತ್ತಿದ್ದಾಗ ಮೇಡಂ ಕೂಡ ಕೆಳಗೆ ಕೂತು ಆರಿಸಿದರು. "25ಕ್ಕೆ ನೀವೇ ಹೇಳ್ತೀರಾ?" ಎಂದು ಕೇಳಿದರು. ಹ್ಞೂಂ ಅಂದೆ. ಯಾಕಾದರೂ ಅಂದೆನೋ.

ಮಾರ್ಚ್ 25, ಬುಧವಾರ, ಸಪ್ತಮಿ

ಎಲ್ಲಿಂದ ಶುರು ಮಾಡಲಿ. ಮುಗಿಯಿತು, ಅಥವಾ ಶುರುವಾಯಿತು.

ನ್ಯಾಯಮಂಡಳಿಯ ಸಭಾಂಗಣದಲ್ಲಿ ಏಸಿಯ ತಂಪು, ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಚಾಂಗುಣಾಬಾಯಿ ಹಿಂದಿನ ರಾತ್ರಿಯೇ ಬಸ್ ಹತ್ತಿ ಬಂದಿದ್ದರು, ಹಸಿರು ಸೀರೆ, ಮೂಗಿನಲ್ಲಿ ನತ್ತು. ಮೇಡಂ ಎದ್ದು ನಿಂತು, ನಮ್ಮ ಕಡೆಯಿಂದ ತಪ್ಪಾಗಿದೆ, ಸರ್ವೇಯರ್ ತಾವೇ ನಿವೇದಿಸಿಕೊಳ್ಳುತ್ತಾರೆ ಅಂದರು. ನಾನು ಎದ್ದೆ.

ಹೇಳಿದೆ. 18ಕ್ಕೆ ನಾನು ಹೋಗಿರಲಿಲ್ಲ, 27ಕ್ಕೆ ಹೋಗಿದ್ದೆ, ನೀರು ಸಣ್ಣದಿತ್ತು, ಗೆರೆ ತಪ್ಪು. ಯಾಕೆ ಹೋಗಲಿಲ್ಲ ಎಂದು ನ್ಯಾಯಮೂರ್ತಿಗಳು ಕೇಳಿದರು. 'ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಅಳತೆಯ ಸಾಮಾನು ಮುಟ್ಟುವುದಿಲ್ಲ' ಎಂದು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಕಿವಿ ಕಾದ ಕಾವಲಿಯಂತಾಯಿತು. ಹೊಸ ಅಳತೆಯ ಕಾಗದ ಮುಂದೆ ಮಾಡಿದೆ, ಅರವತ್ತೊಂದು ಮೀಟರ್.

ಆಗ ಕಂಪನಿಯ ವಕೀಲರು ಎದ್ದರು. ಗಟ್ಟಿಯಾಗಿಯೂ ಮಾತಾಡಲಿಲ್ಲ. ಒಮ್ಮೆ ಪ್ರಮಾಣ ಮಾಡಿ ಸುಳ್ಳು ಬರೆದವರು ಎರಡನೇ ಸಲ ಬರೆದದ್ದನ್ನು ಯಾಕೆ ನಂಬಬೇಕು ಎಂದಷ್ಟೇ ಕೇಳಿದರು.

ಎಲ್ಲ ಭಯವನ್ನೂ ಮೊದಲೇ ಪಟ್ಟು ಮುಗಿಸಿದ್ದೇನೆ ಅಂದುಕೊಂಡಿದ್ದೆ. ಇದೊಂದು ಹೊಳೆದಿರಲಿಲ್ಲ. ಜೈಲಾದರೂ ಆಗಲಿ, ನಿಜ ಹೇಳಿದರೆ ಬಯಲು ಉಳಿಯುತ್ತದೆ ಎಂದು ನಂಬಿ ಬಂದಿದ್ದೆ. ನನ್ನ ನಿಜಕ್ಕೆ ಬೆಲೆಯೇ ಇಲ್ಲ. ಜನವರಿಯಲ್ಲೇ ಅದನ್ನು ನಾನೇ ಕಳೆದುಕೊಂಡಿದ್ದೇನೆ. ಮೇಡಂ ಮುಖ ಬಿಳಿಚಿಕೊಂಡಿತ್ತು. ಬೆಂಚು ಹಿಡಿದು ನಿಂತೆ.

ಆಗ ಚಾಂಗುಣಾಬಾಯಿ ಎದ್ದು ನಿಂತರು. ಕೂತುಕೊಳ್ಳಿ ಎಂದು ಯಾರೋ ಸನ್ನೆ ಮಾಡಿದರು. ಕೂರಲಿಲ್ಲ. ನ್ಯಾಯಮೂರ್ತಿಗಳು ಮಾತಾಡಲಿ ಅಂದ ಮೇಲೆ ಆಕೆ ಮರಾಠಿಯಲ್ಲಿ ಹೇಳಿದ್ದನ್ನು ಮೇಡಂ ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಿದರು.

"ವಕೀಲ ಸಾಹೇಬ್ರು ಖರೇ ಹೇಳ್ತಾರ. ಇವರನ್ನ ನಂಬಬ್ಯಾಡ್ರಿ. ನನ್ನನ್ನೂ ನಂಬಬ್ಯಾಡ್ರಿ, ನಂದೂ ಅಲ್ಲಿ ಮನಿ ಅದ. ಮುಂದಿನ ಹುಣ್ಣಿಮಿಗೆ ಹನ್ನೆರಡೂವರಿ ಸುಮಾರಿಗೆ ನನ್ನ ಅಂಗಳಕ್ಕ ಬರ್ರಿ. ಅವರೂ ಬರಲಿ. ಖುರ್ಚಿ ಹಾಕಸ್ತೀನಿ. ನೀರು ಎಲ್ಲಿತನಕ ಬರ್ತದ ಅಂತ ನೀರ ಹೇಳ್ತದ."

ಆದೇಶ: ಎರಡೂ ಅಳತೆ ಬದಿಗೆ. ಏಪ್ರಿಲ್ 2, ಹುಣ್ಣಿಮೆಯ ದಿನ ಸರ್ಕಾರದ ಅಧಿಕಾರಿಗಳು ಎರಡೂ ಪಕ್ಷದವರ ಎದುರಿಗೆ ಗೆರೆ ಗುರುತಿಸಬೇಕು. ಅಲ್ಲಿಯವರೆಗೆ ಬಯಲಿನಲ್ಲಿ ಒಂದು ಗುದ್ದಲಿಯೂ ಬೀಳಕೂಡದು. ಶಿವರಾಜ ಕಾಡಪ್ಪ ಆ ದಿನ ಅಲ್ಲಿರಕೂಡದು. ಸುಳ್ಳು ಪ್ರಮಾಣಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದೆಂದು ಏಪ್ರಿಲ್ 9ಕ್ಕೆ ಖುದ್ದಾಗಿ ಬಂದು ಹೇಳಬೇಕು.

ಮಾರ್ಚ್ 28, ಶನಿವಾರ, ದಶಮಿ

ಕೆಲಸದಿಂದ ರಜೆಯ ಮೇಲೆ ಕಳಿಸಿದ್ದಾರೆ. ಮೇಡಂ ಕಾಗದ ಕೊಡುವಾಗ ಅತ್ತರು, ನಾನು ಅಳಲಿಲ್ಲ.

ಶ್ರೀನಾಥ್ ಫೋನ್ ಮಾಡಿದ್ದರು. "ಫಂಡಿಂಗ್ ಹೋಲ್ಡ್ ಆಗಿದೆ ಸರ್. ಎರಡನೇ ತಾರೀಖು ನೋಡ್ಕೊಂಡು ಹೇಳ್ತೀವಿ ಅಂದಿದಾರೆ. ನಂಗೆ ನಿಮ್ ಮೇಲೆ ತುಂಬಾ ಸಿಟ್ಟು ಬಂದಿತ್ತು," ಅಂದರು. ಬರಲೇಬೇಕಲ್ಲ ಅಂದೆ. "ಆಮೇಲೆ ಭಯ ಆಯ್ತು ಸರ್. ಹನ್ನೊಂದು ವರ್ಷದಿಂದ ರಿಪೋರ್ಟ್ ಓದ್ತಾ ಇದೀನಿ. ನಮ್ಮಿಂದ ತಪ್ಪಾಗಿದೆ ಅಂತ ಒಬ್ರೂ ಬರೆದಿಲ್ಲ," ಅಂದರು.

ಅವ್ವ ಇನ್ನೂ ಮಾತಾಡುತ್ತಿಲ್ಲ.

ಏಪ್ರಿಲ್ 2, ಗುರುವಾರ, ಹುಣ್ಣಿಮೆ

ಹತ್ತು ಗಂಟೆಗೆ ಸ್ನಾನ ಮಾಡಿ ಫೋನ್ ಮುಂದಿಟ್ಟುಕೊಂಡು ಕುಳಿತೆ. ನಿಗಡಿಯಿಂದ ಸಮುದ್ರ ಎಷ್ಟು ದೂರ! ಹೊರಗೆ ಗುಜರಿಯವನು ಕೂಗುತ್ತಿದ್ದ. ನೀರು ಬಾರದಿದ್ದರೆ? ಗಾಳಿ ಭೂಮಿಯ ಕಡೆಯಿಂದ ಬೀಸಿದರೆ ನೀರು ಹಿಂದೆಯೇ ನಿಲ್ಲುತ್ತದಂತೆ. ಅಡುಗೆಮನೆಗೆ ಹೋಗಿ ಕಿಟಕಿಯ ಪರದೆ ಅಲ್ಲಾಡುತ್ತಿದೆಯೇ ಎಂದು ನೋಡಿದೆ. ಇಲ್ಲಿಯ ಪರದೆಗೂ ಅಲ್ಲಿಯ ಗಾಳಿಗೂ ಏನು ಸಂಬಂಧ? ಮೂರು ಸಲ ನೋಡಿದೆ. ಈ ಒಂದು ತಿಂಗಳಲ್ಲಿ ಪಟ್ಟ ಭಯವೆಲ್ಲ ಒಂದು ತೂಕ, ಆ ಎರಡೂವರೆ ತಾಸಿನದು ಒಂದು ತೂಕ.

ಹನ್ನೆರಡು ನಲವತ್ತಕ್ಕೆ ಚಾಂಗುಣಾಬಾಯಿಯ ವಿಡಿಯೊ ಕಾಲ್. ಮೊದಲು ಬರೀ ಆಕಾಶ, ಆಮೇಲೆ ಯಾರದೋ ಹೆಗಲು. ಆಮೇಲೆ ಅಂಗಳ ಕಂಡಿತು. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನಾಲ್ಕರ ಕಾಲೂ ನೀರಿನಲ್ಲಿ. ಕುರ್ಚಿಯಲ್ಲಿ ಯಾರೂ ಇಲ್ಲ. ಕಂಪನಿಯ ವಕೀಲರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಬೂಟುಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ತುಳಸಿಕಟ್ಟೆಯ ಮೇಲೆ ನಿಂತಿದ್ದರು. ಅವರ ಹಿಂದೆ ಒಬ್ಬ ಅಧಿಕಾರಿ ಗೂಟ ಹೊಡೆಯುತ್ತಿದ್ದ. ಬಿಳಿ ಬಣ್ಣದ ಗೂಟ. ಸುತ್ತ ಹೆಂಗಸರ ಕೂಗು, ಏನೂ ಕೇಳಿಸುತ್ತಿಲ್ಲ.

"ಅರವತ್ಮೂರು!" ಎಂದು ಕಿರುಚಿದರು ಚಾಂಗುಣಾಬಾಯಿ. "ಭಾವೂ, ಅರವತ್ಮೂರು! ಬಯಲು ಪೂರಾ ಒಳಗ ಬಂತು!"

ಫೋನನ್ನು ಸಪ್ನಾಗೆ ಕೊಟ್ಟು ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸಿ, ಅತ್ತೆ. ಹೊರಗೆ ಬಂದಾಗ ಅವ್ವ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಳು. "ನೀರು ಬಂತೇನಲೇ?" ಎಂದು ಕೇಳಿದಳು. ಬಂತು ಅಂದೆ. "ಊಟ ಮಾಡು ಹೋಗು," ಅಂದಳು.

ಎರಡು ಭಾಕರಿ ಉಂಡೆ. ಮೂರನೆಯದನ್ನು ಹಾಕುವಾಗ ಸಪ್ನಾ ಕೇಳಿದಳು: "ಒಂಬತ್ತನೇ ತಾರೀಖಿಗೆ ಒಬ್ರ ಹೋಗ್ತೀರೋ, ನಾನೂ ಬರ್ಲ್ಯೋ?"

ಮದುವೆಯಾಗಿ ಹದಿನೇಳು ವರ್ಷ. ಏನೂ ಆಗೂದಿಲ್ಲ, ನೀ ಯಾಕ ಬರ್ತಿ, ನಾ ನೋಡ್ಕೋತೀನಿ ಎಂದು ಹೇಳುವುದು ನನ್ನ ರೂಢಿ. ಬಾಯಲ್ಲಿ ತುತ್ತಿತ್ತು, ನುಂಗಿದೆ.

"ಬಾ," ಅಂದೆ. "ಒಬ್ಬಾಂವ ಹೋಗಾಕ ಹೆದರಿಕಿ ಆಗ್ತದ."